ಕೂಲಿ ಬೇಡದೆ ಬೆಂಕಿಗೆ ಇಳಿದವರ ಆರೋಗ್ಯ ಯಾರ ಹೊಣೆ?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟರು ಎಂಬುದು ನಮ್ಮ ಹಿರಿಯರ ಗಾದೆ. ವಿಪತ್ತು ಎದುರಿಗೆ ಬಂದು ನಿಂತ ಮೇಲೆ ಸಿದ್ಧತೆಗೆ ತೊಡಗುವವರನ್ನು ಕಂಡು ಆಡಿದ ಮಾತು ಅದು. ಈ ಸಂಚಿಕೆಯಲ್ಲಿ ನಾವು ಹೇಳಹೊರಟಿರುವ ವಿಷಯಕ್ಕೆ ಆ ಗಾದೆ ಎರಡು ಬಗೆಯಲ್ಲಿ ಸಲ್ಲುತ್ತದೆ. ಪರರ ಮನೆಗೆ ಬೆಂಕಿ ಬಿದ್ದಾಗ ಕೂಲಿಯನ್ನು ಬೇಡದೆ ಓಡಿಹೋಗುವ ಸ್ವಯಂಸೇವಕ ಅಗ್ನಿಶಾಮಕರ ವಿಷಯ ಇದು. ಬೆಂಕಿ ಆರಿಸಿ ಮನೆಗೆ ಮರಳಿದ ಎಷ್ಟೋ ವರ್ಷಗಳ ಮೇಲೆ ಅವರಲ್ಲಿ ಕೆಲವರ ದೇಹದಲ್ಲಿ ಸದ್ದಿಲ್ಲದೆ ಬೆಳೆಯುವ ಕ್ಯಾನ್ಸರಿನ ವಿಷಯವೂ ಹೌದು. ಮೊದಲನೆಯ ಬೆಂಕಿಗೆ ಊರೆಲ್ಲ ಸಿದ್ಧವಾಗಿರುತ್ತದೆ. ಎರಡನೆಯದಕ್ಕೆ ಮಾತ್ರ ಬಾವಿಯನ್ನು ಇನ್ನೂ ಯಾರೂ ತೋಡಿಲ್ಲ.

ನಮ್ಮ ನಾಡಿನಲ್ಲಿ ಅಗ್ನಿಶಾಮಕ ದಳವೆಂದರೆ ಸರ್ಕಾರದ ಇಲಾಖೆ. ಅಲ್ಲಿ ದುಡಿಯುವವರು ಸಂಬಳದ ನೌಕರರು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವ್ಯವಸ್ಥೆಯೇ ಬೇರೆ. ದೊಡ್ಡ ನಗರಗಳಲ್ಲಿ ಸಂಬಳದ ದಳಗಳಿದ್ದರೂ ಸಣ್ಣ ಪಟ್ಟಣಗಳಲ್ಲಿಯೂ ಹಳ್ಳಿಗಳಲ್ಲಿಯೂ ಬೆಂಕಿ ಆರಿಸುವವರು ಬಹುಮಟ್ಟಿಗೆ ಸ್ವಯಂಸೇವಕರೇ. ಬೆಂಜಮಿನ್ ಫ್ರಾಂಕ್ಲಿನ್ ಅವರು 1736ರಲ್ಲಿ ಫಿಲಡೆಲ್ಫಿಯ ನಗರದಲ್ಲಿ ನೆರೆಹೊರೆಯವರನ್ನು ಕೂಡಿಸಿ ಯೂನಿಯನ್ ಫೈರ್ ಕಂಪನಿ ಎಂಬ ಸಂಘವನ್ನು ಕಟ್ಟಿದರು. ಅಂದಿನಿಂದ ಬಂದ ಪರಂಪರೆ ಇಂದಿಗೂ ನಿಂತಿಲ್ಲ. 2020ರ ಲೆಕ್ಕದಂತೆ ಆ ದೇಶದಲ್ಲಿದ್ದ ಸುಮಾರು 10 ಲಕ್ಷ 41 ಸಾವಿರ ಅಗ್ನಿಶಾಮಕರಲ್ಲಿ 6 ಲಕ್ಷ 77 ಸಾವಿರ ಮಂದಿ, ಅಂದರೆ ನೂರಕ್ಕೆ 65 ಜನ, ಸ್ವಯಂಸೇವಕರು. ಹಗಲಿನಲ್ಲಿ ಅವರು ಶಾಲೆಯ ಶಿಕ್ಷಕರು, ಬಡಗಿಗಳು, ಅಂಗಡಿಕಾರರು, ರೈತರು. ಕರೆ ಬಂದ ಕೂಡಲೇ ಕೈಲಿದ್ದ ಕೆಲಸವನ್ನು ಬಿಟ್ಟು, ನಡುರಾತ್ರಿಯಾದರೆ ಹಾಸಿಗೆಯಿಂದ ಎದ್ದು, ತಮ್ಮದೇ ಕಾರಿನಲ್ಲಿ ಠಾಣೆಗೆ ಧಾವಿಸುತ್ತಾರೆ.

ಇಷ್ಟು ದೂರದ ಮಾತು ನಮಗೇಕೆ ಎಂದು ಓದುಗರು ಕೇಳಬಹುದು. ನಮ್ಮ ಭಕ್ತಕುಟುಂಬಗಳ ಮಕ್ಕಳೂ ಮೊಮ್ಮಕ್ಕಳೂ ಇಂದು ಅಮೆರಿಕದ ನ್ಯೂಜೆರ್ಸಿ, ಪೆನ್ಸಿಲ್ವೇನಿಯ, ನ್ಯೂಯಾರ್ಕ್ ರಾಜ್ಯಗಳ ಊರುಗಳಲ್ಲಿ ಮನೆಮಾಡಿದ್ದಾರೆ. ಈ ರಾಜ್ಯಗಳಲ್ಲೆಲ್ಲ ಸ್ವಯಂಸೇವಕ ದಳಗಳು ಬಹುವಾಗಿವೆ. ಅಲ್ಲಿಯ ಅಡುಗೆಮನೆಯಲ್ಲಿ ಎಣ್ಣೆ ಹೊತ್ತಿಕೊಂಡರೆ ಬಾಗಿಲು ತಟ್ಟುವವರು, ಎಷ್ಟೋ ಕಡೆ, ಬಿಡಿಗಾಸನ್ನೂ ಪಡೆಯದ ನೆರೆಮನೆಯವರೇ. ಪ್ರತಿಫಲವನ್ನು ಬಯಸದೆ ಮಾಡುವ ಕಾಯಕಕ್ಕೆ ತಲೆಬಾಗುವುದನ್ನು ಕಲಿತ ನಮಗೆ ಅವರು ಅಪರಿಚಿತರಲ್ಲ.

ಮಸಿಯ ಹಳೆಯ ಪಾಠ

ಹೊಗೆಗೂ ಕ್ಯಾನ್ಸರಿಗೂ ಇರುವ ನಂಟನ್ನು ವೈದ್ಯಲೋಕವು ಮೊದಲು ಕಂಡದ್ದು ಮಸಿಯಲ್ಲಿ. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಅವರು ಮನೆಗಳ ಹೊಗೆಗೂಡುಗಳೊಳಗೆ ಇಳಿದು ಗುಡಿಸುತ್ತಿದ್ದವರಲ್ಲಿ ವೃಷಣಚೀಲದ ಚರ್ಮಕ್ಕೆ ಕ್ಯಾನ್ಸರ್ ಬರುವುದನ್ನು ಗುರುತಿಸಿ, ಅದಕ್ಕೆ ಕಾರಣ ಚರ್ಮದ ಮಡಿಕೆಗಳಲ್ಲಿ ನಿಂತ ಮಸಿ ಎಂದು ಬರೆದರು. ಬಾಲ್ಯದಲ್ಲಿ ಆ ಕೆಲಸಕ್ಕೆ ಇಳಿದವರಿಗೆ ರೋಗ ಕಾಣಿಸುತ್ತಿದ್ದುದು ಬಹಳ ವರ್ಷಗಳ ಮೇಲೆ. ನಮ್ಮ ಹಳೆಯ ಅಡುಗೆಮನೆಗಳ ಜಂತೆಯಲ್ಲಿ ತೂಗುತ್ತಿದ್ದ ಇಲ್ಲಣವನ್ನು ನೆನೆದರೆ ಆ ಮಸಿ ಎಂಥದೆಂದು ತಿಳಿಯುತ್ತದೆ. ಇದಾಗಿ ನೂರು ವರ್ಷಗಳಿಗೂ ಮಿಗಿಲಾದ ಮೇಲೆ, 1892ರಲ್ಲಿ, ಹೆನ್ರಿ ಬಟ್ಲಿನ್ ಎಂಬ ಮತ್ತೊಬ್ಬ ಶಸ್ತ್ರವೈದ್ಯರು ಯುರೋಪಿನ ಇತರ ದೇಶಗಳನ್ನು ನೋಡಿಬಂದರು. ಇದೇ ಕೆಲಸ ಮಾಡುವವರಲ್ಲಿ ಅಲ್ಲಿ ಈ ರೋಗ ಅಪರೂಪವಾಗಿರುವುದನ್ನು ಕಂಡರು. ಅಲ್ಲಿಯವರು ಮೈಮುಚ್ಚುವ ಉಡುಪನ್ನು ತೊಡುತ್ತಿದ್ದರು, ಕೆಲಸದ ಮೇಲೆ ಮೈಯನ್ನು ತೊಳೆಯುತ್ತಿದ್ದರು. ಔಷಧಿಯಾಗಲಿ ಯಂತ್ರವಾಗಲಿ ಇಲ್ಲದ ಕಾಲದಲ್ಲಿ ಬಟ್ಟೆ ಮತ್ತು ನೀರು ಅವರನ್ನು ಕಾಪಾಡಿದ್ದವು. ಮುಂದೆ ಹೇಳಲಿರುವುದಕ್ಕೆಲ್ಲ ಈ ಪಾಠವೇ ಅಡಿಪಾಯವಾದುದರಿಂದ ಇದನ್ನು ಇಷ್ಟು ವಿವರಿಸಿದೆವು.

ಇಂದಿನ ಹೊಗೆ ಅಂದಿನ ಹೊಗೆಗಿಂತ ಕ್ರೂರವಾದುದು. ಹಿಂದೆ ಮನೆ ಉರಿದರೆ ಮರ, ಹತ್ತಿ, ಉಣ್ಣೆ ಉರಿಯುತ್ತಿದ್ದವು. ಈಗ ಪ್ಲಾಸ್ಟಿಕ್ಕು, ಸೋಫಾದೊಳಗಿನ ಫೋಮು, ಸಿಂಥೆಟಿಕ್ ನೆಲಹಾಸು, ಬಣ್ಣ, ಅಂಟು, ವಿದ್ಯುತ್ ತಂತಿಗಳ ಹೊದಿಕೆ ಒಟ್ಟಿಗೆ ಉರಿಯುತ್ತವೆ. ಆ ಹೊಗೆಯಲ್ಲಿ ಬೆಂಜೀನ್, ಫಾರ್ಮಾಲ್ಡಿಹೈಡ್ ಮೊದಲಾದ ವಿಷಗಳೂ ಮಸಿಗೆ ಅಂಟಿಕೊಂಡಿರುವ ಹೈಡ್ರೊಕಾರ್ಬನ್‌ಗಳೂ ಇರುತ್ತವೆ. ಹಳೆಯ ಕಟ್ಟಡವಾದರೆ ಕಲ್ನಾರಿನ ಎಳೆಗಳೂ ಗಾಳಿಗೆ ಏಳುತ್ತವೆ. ಜ್ವಾಲೆಯ ನಡುವೆ ಇರುವಾಗ ಅಗ್ನಿಶಾಮಕನು ಗಾಳಿಯ ಸಿಲಿಂಡರನ್ನೂ ಮುಖವಾಡವನ್ನೂ ಧರಿಸಿರುತ್ತಾನೆ. ಬೆಂಕಿ ನಂದಿತು ಎಂದು ಮುಖವಾಡವನ್ನು ತೆಗೆದು ಬೂದಿಯನ್ನು ಕೆದಕಿ ಕೆಂಡ ಹುಡುಕುವ ಹೊತ್ತಿನಲ್ಲಿ ವಿಷವು ಉಸಿರಿಗೆ ಸೇರುತ್ತದೆ. ಉಸಿರು ಒಂದೇ ದಾರಿಯಲ್ಲ. ಕತ್ತು, ದವಡೆ, ತೊಡೆಯ ಸಂದು ಮುಂತಾದ ತೆಳುಚರ್ಮದ ಭಾಗಗಳ ಮೂಲಕವೂ ವಿಷವು ಒಳಗಿಳಿಯುತ್ತದೆ. ಕಾವಿನಿಂದ ಬೆವರಿದ ಚರ್ಮವು ಅದನ್ನು ಇನ್ನೂ ಬೇಗ ಹೀರಿಕೊಳ್ಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾಗಿ ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2022ರ ಜೂನ್ ತಿಂಗಳಲ್ಲಿ ಈ ವಿಷಯವನ್ನು ಕುರಿತು ಸಭೆ ಸೇರಿಸಿತು. ಅದುವರೆಗೆ 'ಕ್ಯಾನ್ಸರ್ ತರಬಹುದು' ಎಂಬ ಸಂಶಯದ ವರ್ಗದಲ್ಲಿದ್ದ ಅಗ್ನಿಶಾಮಕ ವೃತ್ತಿಯನ್ನು 'ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ' ಎಂಬ ಒಂದನೆಯ ವರ್ಗಕ್ಕೆ ಏರಿಸಿತು. ತಂಬಾಕಿನ ಹೊಗೆಯೂ ಕಲ್ನಾರೂ ಇರುವುದು ಅದೇ ವರ್ಗದಲ್ಲಿ. ಶ್ವಾಸಕೋಶವನ್ನು ಸುತ್ತಿದ ಪೊರೆಗೆ ಬರುವ ಮೀಸೋಥೀಲಿಯೋಮ ಮತ್ತು ಮೂತ್ರಕೋಶದ ಕ್ಯಾನ್ಸರುಗಳ ಬಗ್ಗೆ ಸಾಕಷ್ಟು ಪುರಾವೆ ಇದೆಯೆಂದು ಸಂಸ್ಥೆಯು ತೀರ್ಮಾನಿಸಿತು. ದೊಡ್ಡ ಕರುಳು, ಪ್ರಾಸ್ಟೇಟ್ ಗ್ರಂಥಿ, ವೃಷಣ ಇವುಗಳ ಕ್ಯಾನ್ಸರು, ಮೆಲನೋಮ ಎಂಬ ಚರ್ಮದ ಕ್ಯಾನ್ಸರು ಹಾಗೂ ಒಂದು ಬಗೆಯ ದುಗ್ಧಗ್ರಂಥಿಯ ಕ್ಯಾನ್ಸರುಗಳ ಬಗ್ಗೆ ಸೀಮಿತ ಪುರಾವೆ ಇದೆಯೆಂದು ಹೇಳಿತು. ವರ್ಗವನ್ನು ನಿರ್ಧರಿಸುವುದು ಪುರಾವೆಯ ಬಲ. ಅಪಾಯದ ಪ್ರಮಾಣವನ್ನು ಅದು ಹೇಳುವುದಿಲ್ಲ. ಪ್ರತಿಯೊಬ್ಬ ಅಗ್ನಿಶಾಮಕನಿಗೂ ರೋಗ ಬರುತ್ತದೆಂದು ಯಾರೂ ಭಾವಿಸಬಾರದು.

ಸ್ವಯಂಸೇವಕನ ಕಷ್ಟ

ಅಪಾಯದ ಪ್ರಮಾಣವೆಷ್ಟು ಎಂಬುದಕ್ಕೆ ಉತ್ತರ ಸುಲಭವಲ್ಲ. ಸ್ಯಾನ್‌ಫ್ರಾನ್ಸಿಸ್ಕೊ, ಶಿಕಾಗೊ, ಫಿಲಡೆಲ್ಫಿಯ ನಗರಗಳ ಸುಮಾರು 30 ಸಾವಿರ ಅಗ್ನಿಶಾಮಕರನ್ನು ಕುರಿತು ಅಮೆರಿಕದ ಸರ್ಕಾರಿ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಮಾನ್ಯ ಜನರಿಗೆ ಹೋಲಿಸಿದರೆ ಕ್ಯಾನ್ಸರ್ ಬರುವ ಪ್ರಮಾಣ ನೂರಕ್ಕೆ 9ರಷ್ಟೂ ಅದರಿಂದ ಸಾಯುವ ಪ್ರಮಾಣ ನೂರಕ್ಕೆ 14ರಷ್ಟೂ ಹೆಚ್ಚಾಗಿದ್ದವು. ಆದರೆ ಅವರೆಲ್ಲ ಸಂಬಳದ ಅಗ್ನಿಶಾಮಕರು. ಆಸ್ಟ್ರೇಲಿಯದಲ್ಲಿ 1 ಲಕ್ಷ 60 ಸಾವಿರಕ್ಕೂ ಹೆಚ್ಚು ಪುರುಷ ಸ್ವಯಂಸೇವಕರನ್ನು ಕುರಿತು ನಡೆದ ಅಧ್ಯಯನದಲ್ಲಿ ಒಟ್ಟು ಕ್ಯಾನ್ಸರ್ ಪ್ರಮಾಣವು ಸಾಮಾನ್ಯ ಜನರಿಗಿಂತ ಕಡಿಮೆಯೇ ಇತ್ತು. ಪ್ರಾಸ್ಟೇಟ್ ಕ್ಯಾನ್ಸರ್ ಮಾತ್ರ ಹೆಚ್ಚಾಗಿತ್ತು.

ಈ ಎರಡನೆಯ ಅಧ್ಯಯನವನ್ನು ಮುಂದೊಡ್ಡಿ, ಸ್ವಯಂಸೇವಕರಿಗೆ ವಿಶೇಷ ಕಾಳಜಿ ಬೇಕಿಲ್ಲ ಎನ್ನುವವರಿದ್ದಾರೆ. ಅವರ ವಾದವನ್ನು ನಾವು ತಳ್ಳಿಹಾಕುವುದಿಲ್ಲ, ಆದರೆ ಪೂರ್ತಿಯಾಗಿ ಒಪ್ಪುವುದೂ ಇಲ್ಲ. ಬೆಂಕಿಗೆ ಇಳಿಯಲು ಮುಂದೆ ಬರುವವರು ಮೊದಲೇ ಗಟ್ಟಿಮುಟ್ಟಾದವರು. ರೋಗಿಗಳೂ ದುರ್ಬಲರೂ ಸೇರಿದ ಇಡೀ ಜನಸಮುದಾಯಕ್ಕೆ ಅವರನ್ನು ಹೋಲಿಸಿದಾಗ ಅಪಾಯವು ಮರೆಯಾಗುವ ಸಂಭವವುಂಟು. ಮೇಲಾಗಿ ಸ್ವಯಂಸೇವಕರೆಲ್ಲರೂ ಒಂದೇ ತೂಕದವರಲ್ಲ. ವರ್ಷಕ್ಕೆ ಎರಡು ಸಲ ಹುಲ್ಲುಗಾವಲಿನ ಬೆಂಕಿಗೆ ಹೋದವನೂ ಮೂವತ್ತು ವರ್ಷ ವಾರವಾರವೂ ಉರಿಯುವ ಮನೆಗಳೊಳಗೆ ನುಗ್ಗಿದವನೂ ಲೆಕ್ಕದಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಸರಾಸರಿಯ ನೆರಳಿನಲ್ಲಿ ಎರಡನೆಯವನು ಕಾಣದೆ ಹೋಗುತ್ತಾನೆ. ತಪಾಸಣೆಯ ಅಗತ್ಯ ಎಲ್ಲರಿಗಿಂತ ಮಿಗಿಲಾಗಿರುವುದು ಅವನಿಗೆ.

ಹೊಗೆ ಸಂಬಳವನ್ನು ನೋಡಿ ಮೈಗೆ ಅಂಟುವುದಿಲ್ಲ. ಆದರೆ ರಕ್ಷಣೆ ಮಾತ್ರ ಸಂಬಳವನ್ನು ನೋಡಿಯೇ ದೊರೆಯುತ್ತಿದೆ. ನಗರದ ದಳದಲ್ಲಿರುವವನಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ, ಬದಲಿಗೆ ಎರಡನೆಯ ಜೊತೆ ಉಡುಪು, ಅದನ್ನು ತೊಳೆಯುವ ಯಂತ್ರ ಇವು ದೊರೆಯುವ ಸಂಭವ ಹೆಚ್ಚು. ಸಣ್ಣ ಊರಿನ ದಳಗಳಲ್ಲಿ ಅನೇಕವು ಖರ್ಚಿಗೆ ಹಣ ಕೂಡಿಸುವುದೇ ಊರವರಿಗೆ ಊಟ ಉಪಾಹಾರಗಳನ್ನು ಏರ್ಪಡಿಸಿ ಕಾಣಿಕೆ ಎತ್ತುವ ಮೂಲಕ. ವಾಹನಕ್ಕೆ ಇಂಧನ, ಹೊಸ ಕೊಳವೆ ಇವುಗಳ ನಡುವೆ ವೈದ್ಯಕೀಯ ತಪಾಸಣೆ ಕೊನೆಯ ಸಾಲಿಗೆ ಹೋಗುತ್ತದೆ. ಸ್ವಯಂಸೇವಕನಿಗೆ ಇರುವುದು ಹೆಚ್ಚೆಂದರೆ ಒಂದೇ ಜೊತೆ ಉಡುಪು. ಮಸಿ ಹಿಡಿದ ಆ ಉಡುಪನ್ನು ಕಾರಿನ ಹಿಂಬದಿಗೆ ಹಾಕಿಕೊಂಡು ಮನೆಗೆ ಹೋಗುತ್ತಾನೆ. ಮಾರನೆಯ ದಿನ ಅದೇ ಕಾರಿನಲ್ಲಿ ಮಕ್ಕಳನ್ನು ಶಾಲೆಗೆ ಬಿಡುತ್ತಾನೆ.

ಇದರ ಜೊತೆಗೆ ಒಂದು ಅಭಿಮಾನದ ಅಡ್ಡಿಯೂ ಇದೆ. ಮಸಿ ಮೆತ್ತಿದ ಶಿರಸ್ತ್ರಾಣವು ವೀರನ ಗುರುತೆಂದು ಬಗೆಯುವ ರೂಢಿ ಅಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. ಹೊಳೆಯುವ ಉಡುಪು ತೊಟ್ಟವನು ಹೊಸಬನೆಂದು ನಗೆಗೆ ಈಡಾಗುತ್ತಾನೆ. ಮೈಮೇಲಿನ ವಿಷವನ್ನೇ ಪದಕವೆಂದು ಭಾವಿಸುವಲ್ಲಿ ವೈದ್ಯನ ಮಾತು ಹೇಗೆ ಹಿಡಿಸೀತು? ಈ ಭಾವನೆ ಈಚಿನ ವರ್ಷಗಳಲ್ಲಿ ಮೆಲ್ಲಗೆ ಬದಲಾಗುತ್ತಿರುವುದು ಸಮಾಧಾನದ ಸಂಗತಿ.

ತಪಾಸಣೆಯಿಂದ ಆಗುವುದೇನು, ಆಗದಿರುವುದೇನು

ರೋಗದ ಲಕ್ಷಣ ಕಾಣುವ ಮೊದಲೇ, ಆರೋಗ್ಯವಾಗಿ ತೋರುವ ವ್ಯಕ್ತಿಯಲ್ಲಿ ರೋಗವನ್ನು ಹುಡುಕುವುದೇ ತಪಾಸಣೆ. ಇದರ ಬಗ್ಗೆ ಎರಡು ಅತಿಗಳನ್ನು ನಾವು ಕಾಣುತ್ತೇವೆ. ಒಂದು, ಹಣೆಯಲ್ಲಿ ಬರೆದದ್ದು ತಪ್ಪುವುದೇ ಎಂದು ಕೈಚೆಲ್ಲುವುದು. ಇನ್ನೊಂದು, ಎಲ್ಲ ಪರೀಕ್ಷೆಗಳನ್ನೂ ಮಾಡಿಸಿದರೆ ಎಲ್ಲ ರೋಗಗಳಿಂದಲೂ ಪಾರಾದೆವೆಂದು ನಂಬುವುದು. ಎರಡೂ ಸತ್ಯಕ್ಕೆ ದೂರ.

ಕೆಲವು ಕ್ಯಾನ್ಸರುಗಳಿಗೆ ತಪಾಸಣೆಯ ಫಲ ಖಚಿತವಾಗಿದೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಅಮೆರಿಕದ ತಜ್ಞಮಂಡಲಿ 2021ರಿಂದ 45ನೆಯ ವಯಸ್ಸಿನಿಂದಲೇ ತಪಾಸಣೆ ಆರಂಭಿಸಲು ಹೇಳಿದೆ. ವರ್ಷಕ್ಕೊಮ್ಮೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದೆಯೇ ಎಂದು ನೋಡುವ ಪರೀಕ್ಷೆ, ಇಲ್ಲವೇ ಹತ್ತು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ, ಇವುಗಳಿಂದ ಕ್ಯಾನ್ಸರ್ ಆಗುವ ಮೊದಲೇ ಗಂಟುಗಳನ್ನು ಗುರುತಿಸಿ ತೆಗೆಯಬಹುದು. ಅಗ್ನಿಶಾಮಕಿಯರಿಗೂ ಇತರ ಮಹಿಳೆಯರಂತೆ 40ನೆಯ ವಯಸ್ಸಿನಿಂದ ಸ್ತನದ ಮ್ಯಾಮೊಗ್ರಾಂ ಹಾಗೂ ನಿಗದಿಯಾದ ವಯೋಮಾನದಲ್ಲಿ ಗರ್ಭಕೊರಳಿನ ಪರೀಕ್ಷೆ ಅಗತ್ಯ. ಬಹುಕಾಲ ಧೂಮಪಾನ ಮಾಡಿದ 50 ದಾಟಿದವರಿಗೆ ಶ್ವಾಸಕೋಶದ ಕಡಿಮೆ ವಿಕಿರಣದ ಸಿ.ಟಿ. ಪರೀಕ್ಷೆಯಿದೆ. ಪ್ರಾಸ್ಟೇಟ್ ಗ್ರಂಥಿಯ ಪಿ.ಎಸ್.ಎ. ರಕ್ತಪರೀಕ್ಷೆಯ ವಿಷಯ ಸ್ವಲ್ಪ ಸೂಕ್ಷ್ಮ. ಅದರಿಂದ ಲಾಭವೂ ಇದೆ, ಹಾನಿ ಮಾಡದೆ ಇರಬಹುದಾದ ಗಂಟನ್ನು ಕಂಡು ಅನಾವಶ್ಯಕ ಚಿಕಿತ್ಸೆಗೆ ಒಳಗಾಗುವ ತೊಂದರೆಯೂ ಇದೆ. ಆದ್ದರಿಂದ 55ರಿಂದ 69 ವಯಸ್ಸಿನವರು ವೈದ್ಯರೊಡನೆ ಕುಳಿತು ಮಾತಾಡಿ ನಿರ್ಧರಿಸಬೇಕೆಂಬುದು ಅಲ್ಲಿಯ ಸಾಮಾನ್ಯ ಸಲಹೆ.

ಈಗ ಕಹಿಯಾದ ಮಾತನ್ನು ಹೇಳಲೇಬೇಕು. ಅಗ್ನಿಶಾಮಕರ ವಿಷಯದಲ್ಲಿ ಅತ್ಯಂತ ಬಲವಾದ ಪುರಾವೆ ಇರುವ ಎರಡು ಕ್ಯಾನ್ಸರುಗಳೆಂದರೆ ಮೀಸೋಥೀಲಿಯೋಮ ಮತ್ತು ಮೂತ್ರಕೋಶದ ಕ್ಯಾನ್ಸರ್ ಎಂದೆವು. ಲಕ್ಷಣಗಳಿಲ್ಲದವರಲ್ಲಿ ಇವೆರಡನ್ನು ಹುಡುಕಿ ಮರಣವನ್ನು ತಗ್ಗಿಸಬಲ್ಲದೆಂದು ಸಿದ್ಧಪಟ್ಟ ತಪಾಸಣೆ ಇನ್ನೂ ಇಲ್ಲ. ಒಂದು ತೊಟ್ಟು ರಕ್ತದಲ್ಲಿ ಹತ್ತಾರು ಕ್ಯಾನ್ಸರುಗಳನ್ನು ಕಂಡುಹಿಡಿಯುತ್ತೇವೆಂದು ಹೇಳುವ ಹೊಸ ಪರೀಕ್ಷೆಗಳನ್ನು ಅಗ್ನಿಶಾಮಕ ದಳಗಳಿಗೆ ಮಾರಲಾಗುತ್ತಿದೆ. ಅವುಗಳಿಂದ ಪ್ರಾಣ ಉಳಿಯುತ್ತದೆಂಬುದೂ ಇನ್ನೂ ಸ್ಥಿರಪಟ್ಟಿಲ್ಲ. ಊರವರು ಕಾಣಿಕೆ ಕೂಡಿಸಿ ದುಬಾರಿ ಪರೀಕ್ಷೆಯೊಂದನ್ನು ಕೊಡಿಸಿ, ನಮ್ಮ ಋಣ ತೀರಿತು ಎಂದು ಕೈತೊಳೆದುಕೊಂಡರೆ ಅದು ಸ್ವಯಂಸೇವಕನಿಗೆ ಮಾಡುವ ಉಪಕಾರವಲ್ಲ.

ಹಾಗಾದರೆ ವೈದ್ಯರ ಭೇಟಿ ವ್ಯರ್ಥವೇ? ಅಲ್ಲ. ನೋವಿಲ್ಲದೆ ಮೂತ್ರದಲ್ಲಿ ಒಮ್ಮೆ ರಕ್ತ ಕಾಣಿಸಿಕೊಂಡು ಮರೆಯಾದರೆ ಎಷ್ಟೋ ಜನ ಅದನ್ನು ಲೆಕ್ಕಿಸುವುದಿಲ್ಲ. ಮೂತ್ರಕೋಶದ ಕ್ಯಾನ್ಸರಿನ ಮೊದಲ ಸೂಚನೆ ಅನೇಕ ವೇಳೆ ಅದೇ ಆಗಿರುತ್ತದೆ. ಬೇಗ ತೋರಿಸಿದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು. ವೃಷಣದಲ್ಲಿ ನೋವಿಲ್ಲದ ಗಂಟು, ಬಣ್ಣವೋ ಆಕಾರವೋ ಬದಲಾಗುತ್ತಿರುವ ಮಚ್ಚೆ, ವಾರಗಳಾದರೂ ಇಳಿಯದ ಕತ್ತಿನ ಗಡ್ಡೆ, ಬಿಡದ ಕೆಮ್ಮು, ಕಾರಣವಿಲ್ಲದೆ ಇಳಿಯುವ ತೂಕ, ಇವನ್ನು ಗುರುತಿಸಲು ಯಂತ್ರ ಬೇಕಿಲ್ಲ, ತಿಳಿವಳಿಕೆ ಬೇಕು. ವರ್ಷಕ್ಕೊಮ್ಮೆ ವೈದ್ಯರ ಮುಂದೆ ಕುಳಿತು, 'ನಾನು ಇಷ್ಟು ವರ್ಷಗಳಿಂದ ಅಗ್ನಿಶಾಮಕ ಸ್ವಯಂಸೇವಕನಾಗಿದ್ದೇನೆ' ಎಂದು ಹೇಳುವುದರಲ್ಲಿಯೇ ಅರ್ಧ ತಪಾಸಣೆ ಅಡಗಿದೆ. ಸಂಬಳದ ಅಗ್ನಿಶಾಮಕನ ವೃತ್ತಿಯನ್ನು ವೈದ್ಯರು ಕೇಳಿ ಬರೆದುಕೊಳ್ಳುತ್ತಾರೆ. ಸ್ವಯಂಸೇವಕನ ಚೀಟಿಯಲ್ಲಿ ಅವನು 'ಶಿಕ್ಷಕ' ಅಥವಾ 'ಬಡಗಿ'. ಅವನು ಬಾಯಿ ಬಿಡದಿದ್ದರೆ ಅವನ ಮೂವತ್ತು ವರ್ಷಗಳ ಹೊಗೆ ವೈದ್ಯರಿಗೆ ಕಾಣುವುದೇ ಇಲ್ಲ.

ಮೊದಲು ನೀರು, ಆಮೇಲೆ ಪರೀಕ್ಷೆ

ಬಟ್ಲಿನ್ ಅವರು ಕಂಡ ಪಾಠಕ್ಕೆ ಇಲ್ಲಿ ಮರಳುತ್ತೇವೆ. ಅಮೆರಿಕದ ಸ್ವಯಂಸೇವಕ ಅಗ್ನಿಶಾಮಕರ ರಾಷ್ಟ್ರೀಯ ಮಂಡಲಿಯು ಅಗ್ನಿಶಾಮಕ ಮುಖ್ಯಸ್ಥರ ಸಂಘದೊಡನೆ ಸೇರಿ 2018ರಲ್ಲಿ ಕ್ಯಾನ್ಸರ್ ತಡೆಗೆ 11 ನಿಯಮಗಳನ್ನು ಹೊರತಂದಿತು. ಕೆಂಡ ಕೆದಕುವಾಗಲೂ ಮುಖವಾಡ ತೆಗೆಯಬಾರದು. ಬೆಂಕಿಯ ಸ್ಥಳದಲ್ಲಿಯೇ ಸೋಪುನೀರಿನಿಂದ ಉಡುಪನ್ನು ಉಜ್ಜಿ ತೊಳೆಯಬೇಕು. ಕೈ, ಮುಖ, ಕತ್ತುಗಳನ್ನು ಒರೆಸಿಕೊಳ್ಳಬೇಕು. ಒಂದು ಗಂಟೆಯೊಳಗೆ ಸ್ನಾನ ಮಾಡಬೇಕು. ಕೊಳೆಯಾದ ಉಡುಪನ್ನು ಜನ ಕೂರುವ ಭಾಗದಲ್ಲಿ ಇಡಬಾರದು. ಇವು ಆ ನಿಯಮಗಳಲ್ಲಿ ಮುಖ್ಯವಾದವು. ವಾರ್ಷಿಕ ವೈದ್ಯಕೀಯ ಪರೀಕ್ಷೆಯೂ ಅದರಲ್ಲಿ ಸೇರಿದೆ. ಸ್ಥಳದಲ್ಲಿಯೇ ಸೋಪುನೀರು ಮತ್ತು ಬ್ರಷ್ಷಿನಿಂದ ತೊಳೆದರೆ ಉಡುಪಿನ ಮೇಲ್ಮೈಯ ಹೈಡ್ರೊಕಾರ್ಬನ್ ಮಾಲಿನ್ಯ ನೂರಕ್ಕೆ ಸುಮಾರು 85ರಷ್ಟು ಇಳಿಯುತ್ತದೆಂದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿಕೊಟ್ಟಿದೆ. ಒಂದು ಬಕೆಟ್ಟು, ಒಂದು ಬ್ರಷ್ಷು, ಸ್ವಲ್ಪ ಸೋಪು. ಯಾವ ಬಡ ದಳಕ್ಕೂ ಇದು ಭಾರವಲ್ಲ.

ಮಡಿ-ಮೈಲಿಗೆಯ ಹೆಸರಿನಲ್ಲಿ ಮನುಷ್ಯರನ್ನು ದೂರವಿಡುವುದನ್ನು ನಾವು ಒಪ್ಪುವವರಲ್ಲ. ಆದರೆ ಕೆಲಸದಿಂದ ಬಂದವನು ಹಿತ್ತಲ ಬಾಗಿಲಲ್ಲಿ ಕೈಕಾಲು ತೊಳೆದು ಒಳಗೆ ಬರಲಿ ಎಂಬ ನಮ್ಮ ಅಜ್ಜಿಯರ ಮಾತಿನಲ್ಲಿದ್ದ ವಿವೇಕ ಈ ನಿಯಮಗಳಲ್ಲಿಯೂ ಇದೆ.

ದಾಖಲೆಯಿಲ್ಲದ ಸೇವೆ

ಇನ್ನೊಂದು ಮುಖ್ಯ ವಿಷಯ ಉಳಿದಿದೆ. ಅಗ್ನಿಶಾಮಕನಿಗೆ ಕ್ಯಾನ್ಸರ್ ಬಂದರೆ ಅದು ಸೇವೆಯಿಂದಲೇ ಬಂತೆಂದು ಭಾವಿಸಿ ಪರಿಹಾರ ಕೊಡುವ ಕಾನೂನುಗಳು ಅಮೆರಿಕದ ಅನೇಕ ರಾಜ್ಯಗಳಲ್ಲಿವೆ. ನ್ಯೂಯಾರ್ಕ್ ರಾಜ್ಯದಲ್ಲಿ ಸ್ವಯಂಸೇವಕರಿಗಾಗಿಯೇ ಮಾಡಿದ ಕಾನೂನು 2019ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಅದರ ಷರತ್ತುಗಳನ್ನು ಗಮನಿಸಬೇಕು: ಉರಿಯುವ ಕಟ್ಟಡಗಳೊಳಗೆ ಹೋಗುವ ಅಗ್ನಿಶಾಮಕನಾಗಿ ಕನಿಷ್ಠ ಐದು ವರ್ಷ ಸೇವೆ ಸಲ್ಲಿಸಿರಬೇಕು, ದಳಕ್ಕೆ ಸೇರುವಾಗ ನಡೆದ ವೈದ್ಯಕೀಯ ಪರೀಕ್ಷೆಯಲ್ಲಿ ಕ್ಯಾನ್ಸರ್ ಇರಲಿಲ್ಲವೆಂದು ತೋರಿಸಬೇಕು. ಪೆನ್ಸಿಲ್ವೇನಿಯದ 2011ರ ಕಾನೂನು ಸ್ವಯಂಸೇವಕನು ವಿಷದ ಸಂಪರ್ಕಕ್ಕೆ ಬಂದುದನ್ನು ರಾಜ್ಯದ ಅಗ್ನಿ ವರದಿ ವ್ಯವಸ್ಥೆಯ ದಾಖಲೆಯಿಂದ ರುಜುವಾತುಪಡಿಸಬೇಕೆನ್ನುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ಕೈಕುಲುಕಿ ದಳಕ್ಕೆ ಸೇರಿಸಿಕೊಂಡ ಸಣ್ಣ ಊರಿನಲ್ಲಿ ಆ ಕಾಗದಗಳನ್ನು ಎಲ್ಲಿಂದ ತರುವುದು? ಕಾನೂನು ಕೈಚಾಚಿದರೂ ಕಾಗದವಿಲ್ಲದವನಿಗೆ ಅದು ಎಟಕುವುದಿಲ್ಲ. ಸೇರಿದ ದಿನದ ತಪಾಸಣೆಯಿಂದ ಆರೋಗ್ಯ ತಿಳಿಯುವುದರ ಜೊತೆಗೆ, ಮುಂದೊಂದು ದಿನ ಅವನ ಮಡದಿ ಮಕ್ಕಳಿಗೆ ಅನ್ನದ ಆಧಾರವೂ ಆಗಬಹುದಾದ ದಾಖಲೆಯೊಂದು ಉಳಿಯುತ್ತದೆ.

ಮನಸ್ಸಿದ್ದರೆ ಭೇದವಿಲ್ಲದೆ ನಡೆಸಬಹುದು ಎಂಬುದಕ್ಕೆ ಅದೇ ದೇಶದಲ್ಲಿ ಉದಾಹರಣೆಯಿದೆ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಕುಸಿದಾಗ ಆ ನಗರದ 343 ಅಗ್ನಿಶಾಮಕರು ಮಡಿದರು. ಅಲ್ಲಿಯ ಧೂಳನ್ನು ಉಸಿರಾಡಿ ಮುಂದೆ ರೋಗದಿಂದ ತೀರಿಕೊಂಡ ಅದೇ ದಳದವರ ಸಂಖ್ಯೆ 2023ರ ಸೆಪ್ಟೆಂಬರಿನಲ್ಲಿ 343ನ್ನು ಮುಟ್ಟಿತು. ಆ ದುರಂತದಲ್ಲಿ ದುಡಿದವರಿಗಾಗಿ 2011ರ ಜನವರಿಯಲ್ಲಿ ಅಂಕಿತಗೊಂಡ ಕಾನೂನಿನ ಆರೋಗ್ಯ ಯೋಜನೆಯಲ್ಲಿ ಸಂಬಳದವರೊಂದಿಗೆ ಸ್ವಯಂಸೇವಕರೂ ಸೇರಿದ್ದಾರೆ. ಅರ್ಹರಾದವರಿಗೆ ವರ್ಷಕ್ಕೊಮ್ಮೆ ಉಚಿತ ಪರೀಕ್ಷೆ ನಡೆಯುತ್ತದೆ. ಜಗತ್ತೆಲ್ಲ ನೋಡಿದ ದುರಂತಕ್ಕೆ ದೊರೆತ ನ್ಯಾಯವು, ಯಾರೂ ನೋಡದ ಹಳ್ಳಿಯ ಬೆಂಕಿಗಳಿಗೂ ದೊರೆಯಬೇಕೆಂಬುದೇ ನಮ್ಮ ಮಾತು. 2018ರ ಕಾನೂನಿನಂತೆ ಸ್ಥಾಪನೆಗೊಂಡು 2023ರ ಏಪ್ರಿಲ್‌ನಲ್ಲಿ ನೋಂದಣಿ ಆರಂಭಿಸಿದ ಅಗ್ನಿಶಾಮಕರ ರಾಷ್ಟ್ರೀಯ ಕ್ಯಾನ್ಸರ್ ದಾಖಲೆಯಲ್ಲಿ ಸ್ವಯಂಸೇವಕರೂ, ರೋಗವಿಲ್ಲದವರೂ ಹೆಸರು ಬರೆಸಬಹುದು. ಸ್ವಯಂಸೇವಕರ ಅಪಾಯವೆಷ್ಟೆಂಬ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಅವರು ಅಲ್ಲಿ ಹೆಸರು ಬರೆಸಲೇಬೇಕು.

ತಪಾಸಣೆಯ ಮಾತೆತ್ತಿದರೆ ಹೊಸಬರು ಹೆದರಿ ದಳಕ್ಕೆ ಬಾರದೆ ಹೋದಾರು ಎಂದು ಕೆಲವರು ಅಂಜುತ್ತಾರೆ. 1984ರಲ್ಲಿ ಸುಮಾರು 9 ಲಕ್ಷವಿದ್ದ ಸ್ವಯಂಸೇವಕರ ಸಂಖ್ಯೆ ಈಗ 7 ಲಕ್ಷಕ್ಕಿಂತ ಕೆಳಗಿಳಿದಿರುವಾಗ ಈ ಅಂಜಿಕೆ ಸಹಜವೇ. ಆದರೆ ಅಪಾಯವನ್ನು ಮುಚ್ಚಿಟ್ಟು ಸೇವೆಗೆ ಕರೆಯುವುದು ಧರ್ಮವಲ್ಲ. ತಮ್ಮ ಊರು ತಮ್ಮನ್ನು ಕಾಯುತ್ತದೆಂದು ತಿಳಿದರೆ ತರುಣರು ಹೆಚ್ಚು ಧೈರ್ಯದಿಂದ ಮುಂದೆ ಬಂದಾರು.

ನಮ್ಮ ಅಂಗಳದ ಮಾತು

ನಮ್ಮಲ್ಲಿ ಸ್ವಯಂಸೇವಕ ದಳಗಳ ಅಂಥ ಪರಂಪರೆ ಇಲ್ಲವೆಂದೆವು. ಆದರೂ ಬೇಸಿಗೆಯಲ್ಲಿ ಬಣವೆಗೆ ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಬರುವ ಮೊದಲು ಕೊಡ ಹಿಡಿದು ಓಡುವವರು ಊರವರೇ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡು ಹೊತ್ತಿ ಉರಿದಾಗ ಅರಣ್ಯ ಸಿಬ್ಬಂದಿಯೊಡನೆ ಸ್ವಯಂಸೇವಕರು ಹಸಿ ಸೊಪ್ಪು ಹಿಡಿದು ನಿಂತುದನ್ನು ನಾಡು ಕಂಡಿದೆ. ಇಂಥವರಿಗೆ ನಾವು ಹೇಳಬಹುದಾದುದು ಇಷ್ಟು: ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡರೆ ವಿಷಾನಿಲ ತಡೆಯುವುದಿಲ್ಲ, ಗಾಳಿ ಬೀಸುವ ದಿಕ್ಕನ್ನು ನೋಡಿ ಹೊಗೆಗೆ ಸಿಗದಂತೆ ನಿಲ್ಲಿರಿ. ಬೆಂಕಿ ಆರಿದ ಮೇಲೆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ, ಕೂಡಲೇ ಸ್ನಾನ ಮಾಡಿರಿ. ಬೆಂಕಿಯ ಸುಸ್ತನ್ನು ಬೀಡಿ, ಗುಟ್ಕಾಗಳಿಂದ ಕಳೆಯಬೇಡಿರಿ. 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ನಡೆಸುವ ರಾಷ್ಟ್ರೀಯ ಕಾರ್ಯಕ್ರಮವಿದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಕೇಳಿದಾಗ ಸಂಕೋಚಪಡದೆ ಉತ್ತರಿಸಿರಿ.

ಹೊರನಾಡಿನಲ್ಲಿ ನೆಲೆಸಿದ ಮಕ್ಕಳಿಗೆ ಈ ವಾರ ದೂರವಾಣಿ ಮಾಡುವಾಗ ಹಿರಿಯರು ಒಂದು ಮಾತು ಕೇಳಲಿ ಎಂದು ನಾವು ವಿನಂತಿಸುತ್ತೇವೆ. 'ಮಗಾ, ನಿಮ್ಮ ಊರಿನ ಬೆಂಕಿ ದಳದವರು ಸಂಬಳದವರೋ, ಸ್ವಯಂಸೇವಕರೋ? ಅವರಿಗೆ ವರ್ಷಕ್ಕೊಮ್ಮೆ ವೈದ್ಯರ ಪರೀಕ್ಷೆ ಇದೆಯೇ? ಬಟ್ಟೆ ತೊಳೆಯುವ ಯಂತ್ರವಿದೆಯೇ?' ಇಲ್ಲವೆಂಬ ಉತ್ತರ ಬಂದರೆ, ಆ ದಳದ ಮುಂದಿನ ಸಹಾಯಾರ್ಥ ಊಟಕ್ಕೆ ಹೋದಾಗ ಕಾಣಿಕೆಯನ್ನು ಆ ಉದ್ದೇಶಕ್ಕೆಂದೇ ಹೆಸರಿಸಿ ಕೊಡಲಿ. ಊರಿನ ಸಭೆಯಲ್ಲಿ ಎದ್ದು ನಿಂತು ಕೇಳಲಿ. ನಮ್ಮ ಮನೆ ಉರಿಯುವ ಹೊತ್ತಿನಲ್ಲಿ ಅವರು ನಮ್ಮ ಜಾತಿ, ಭಾಷೆ, ದೇಶಗಳನ್ನು ಕೇಳದೆ ಒಳನುಗ್ಗುತ್ತಾರೆ. ಅವರ ದೇಹದೊಳಗಿನ ಬೆಂಕಿ ಹೊತ್ತಿಕೊಳ್ಳುವ ಮುನ್ನವೇ ಬಾವಿ ತೋಡುವ ಕೆಲಸ ಅವರಿಂದ ಉಪಕೃತರಾದ ನಮ್ಮೆಲ್ಲರದು.